ಬಣ್ಣ ತೊಳಕೊಂಡ್ಲು

ಸೋಮವಾರ, 3 ನವೆಂಬರ್ 2025, ಬೆಟಗೇರಿ

ಬೆಳಿಗ್ಗೆ 10.20ಕ್ಕೆ ಒಬ್ಬ ಹುಡುಗಿ ಮನೆಗೆ ಬಂದಳು. ಹೆಸರು ವಿದ್ಯಾಶ್ರೀ. ವಯಸ್ಸು ಇಪ್ಪತ್ತು. ಊರು ಅಂತೂರ ಬೆಂತೂರ. ಗದಗಿನಲ್ಲಿ ಬಿ.ಎ. ಎರಡನೇ ವರ್ಷ. ಮೂವತ್ತೊಂದು ವರ್ಷ ಪತ್ರಿಕೆಯಲ್ಲಿ ಕೆಲಸ ಮಾಡಿದವನೆಂದು ಯಾರೋ ನನ್ನ ವಿಳಾಸ ಕೊಟ್ಟಿದ್ದರು. ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದಳು. ಹಳದಿಯಾದ ಪತ್ರಿಕೆಯ ತುಂಡು. 14 ಫೆಬ್ರುವರಿ 1987, ಶನಿವಾರ. ‘ರಂಗನಟಿ ಗುರುಸಿದ್ದವ್ವ ಕುರ್ತಕೋಟಿ ನಿಧನ’. ಕೆಳಗೆ ‘ನಮ್ಮ ಪ್ರತಿನಿಧಿಯಿಂದ’ ಎಂದಷ್ಟೇ ಇದೆ.

“ಸರ್, ಇದನ್ನ ಯಾರ ಬರ್ದಾರ ಅಂತ ನಿಮಗ ಗೊತ್ತಾಗಬಹುದೇನ್ರಿ?”

ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡೆ. ಹನ್ನೊಂದು ಸಾಲು. ‘ಅವರ ಅಗಲಿಕೆ ರಂಗಭೂಮಿಗೆ ತುಂಬಲಾರದ ನಷ್ಟ’ ಎಂಬುದು ಕೊನೆಯ ಸಾಲು.

“ಭಾಳ ಹಳೇದವ್ವಾ. ಆಗಿನವರು ಈಗ ಯಾರೂ ಇಲ್ಲ. ಯಾಕ ಬೇಕಾಗಿತ್ತು?”

“ಈ ಅಜ್ಜಿ ನಮ್ಮ ಮನಿಯಾಗ ಅದಾಳ್ರಿ. ಮುಂಜಾನೆ ರೊಟ್ಟಿ ತಿಂದಾಳ.”

ಹುಡುಗಿ ಹೇಳಿದ ಪ್ರಕಾರ ಸದರಿ ನಟಿಗೆ ಈಗ ಎಂಬತ್ತೆಂಟು. ನಾಟಕ ಕಂಪನಿಯಲ್ಲಿ ಸೀರೆ, ಕಿರೀಟಗಳ ಪೆಟ್ಟಿಗೆ ನೋಡಿಕೊಳ್ಳುತ್ತಿದ್ದ ಮರಿಯವ್ವ, ಅಂದರೆ ಈ ಹುಡುಗಿಯ ಅಜ್ಜಿ, 1987ರಲ್ಲಿ ಅವರನ್ನು ತನ್ನ ಮನೆಗೆ ಕರೆತಂದಳು. ಮರಿಯವ್ವ ತೀರಿದ ಮೇಲೂ ಅವರು ಅಲ್ಲೇ ಇದ್ದಾರೆ. ಸದರಿ ನಟಿಯ ಬೇಡಿಕೆ ಒಂದೇ: ತಾನು ಸತ್ತಿಲ್ಲ ಎಂದು ಪತ್ರಿಕೆಯಲ್ಲಿ ಬರಬೇಕು. ಇಷ್ಟು ವರ್ಷ ಬಿಟ್ಟು ಈಗ ಯಾಕೆ ಎಂದು ಕೇಳಿದ್ದಕ್ಕೆ, “ಅದನ್ನ ಅಕಿನ್ನ ಕೇಳ್ರಿ” ಎಂದಳು.

ಹುಡುಗಿ ಹೋದ ಮೇಲೆ ಹೆಂಡತಿ ಮಂಜವ್ವ ಒಳಗಿನಿಂದ ಬಂದು, “ಚಾ ಕುಡೀದ ಹೋತಲ್ಲ ಆ ಕೂಸು. ನಿಮ್ಮ ಮಾರಿ ಯಾಕ ಹಿಂಗಾಗೈತಿ?” ಎಂದಳು. ಬಿಸಿಲು ಎಂದೆ.

ಆ ಸುದ್ದಿ ಬರೆದವನು ನಾನು. ಆಗ ನನಗೆ ಇಪ್ಪತ್ತನಾಲ್ಕು. ನನ್ನ ಯಾವ ಸುದ್ದಿಗೂ ಮೂವತ್ತೊಂದು ವರ್ಷದಲ್ಲಿ ಒಂದೂ ತಿದ್ದುಪಡಿ ಬಂದಿಲ್ಲ. ನಿವೃತ್ತಿಯ ದಿನ ಸಂಪಾದಕರು ಇದನ್ನೇ ಹೇಳಿ ಶಾಲು ಹೊದಿಸಿದ್ದರು.

ಮಂಗಳವಾರ, 4 ನವೆಂಬರ್

ಅಟ್ಟದ ಮೇಲಿನ ಟ್ರಂಕಿನಲ್ಲಿ 1987ರ ನೋಟ್‌ಬುಕ್ ಸಿಕ್ಕಿತು. ನಮೂದು ಹೀಗಿದೆ: ‘13-2-87. ಸಂಜೆ 4.40. ಮುಂಡರಗಿಯಿಂದ ಟ್ರಂಕ್ ಕಾಲ್. ನಾಟಕ ಕಂಪನಿಯವರು. ಗುರುಸಿದ್ದವ್ವ ನಿನ್ನೆ ಕಡೀ ಬಣ್ಣಾ ತೊಳಕೊಂಡ್ಲು, ಪೇಪರನ್ಯಾಗ ನಾಕ ಸಾಲ ಹಾಕ್ರಿ. ಲೈನ್ ಕಟ್.’

ಕಂಪನಿಯವರ ಮಾತಿನಲ್ಲಿ ಬಣ್ಣ ತೊಳೆದುಕೊಳ್ಳುವುದು ಎಂದರೆ ಆಟ ಮುಗಿದ ಮೇಲೆ ಮುಖ ತೊಳೆಯುವುದು. ಕಡೆಯ ಬಣ್ಣ ತೊಳೆದುಕೊಂಡಳು ಎಂದರೆ ಇನ್ನು ಪಾತ್ರ ಮಾಡುವುದಿಲ್ಲ, ಕಂಪನಿ ಬಿಟ್ಟಳು ಎಂದು. ಇದು ನನಗೆ ಈಗ ಗೊತ್ತು. ಆಗ ನಮ್ಮ ಡೆಸ್ಕಿನಲ್ಲಿ ನಟರು ತೀರಿಕೊಂಡರೆ ‘ಬಣ್ಣ ಕಳಚಿದರು’ ಎಂದು ಶೀರ್ಷಿಕೆ ಕೊಡುವ ರೂಢಿಯಿತ್ತು. ನಾನು ಅದೇ ಕಿವಿಯಿಂದ ಕೇಳಿದೆ.

ಲೈನ್ ಕಟ್ಟಾಗದೆ ಇದ್ದಿದ್ದರೆ ಕೇಳುತ್ತಿದ್ದೆ.

ಗುರುವಾರ, 6 ನವೆಂಬರ್

ಬೆಳಗಿನ 9.15ರ ಬಸ್ಸಿಗೆ ಅಂತೂರ ಬೆಂತೂರಕ್ಕೆ ಹೋದೆ. ಗುರುಸಿದ್ದವ್ವ ಅವರು ಕಟ್ಟೆಯ ಮೇಲೆ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಎತ್ತರದ ಮೈಕಟ್ಟು, ಬೆನ್ನು ಇನ್ನೂ ನೆಟ್ಟಗಿದೆ. ನನ್ನನ್ನು ನೋಡಿದ ಕೂಡಲೇ ಸೀರೆಯ ಅಂಚು ಸರಿಸಿ ಪಾದ ತೋರಿಸಿದರು.

“ಬರ್ರಿ ಪೇಪರನವರ, ಕುಂಡ್ರಿ. ಅಂಜಬ್ಯಾಡ್ರಿ, ದೆವ್ವ ಅಲ್ಲ ನಾ. ನೋಡ್ರಿ, ಪಾದ ಮುಂದಕ್ಕನ ಅದಾವ.”

ನಾನು ನಿವೃತ್ತನೆಂದೂ, ತಿದ್ದುಪಡಿಗೆ ಪ್ರಯತ್ನಿಸುವೆನೆಂದೂ ಹೇಳಿದೆ. ಬೇರೆ ಏನೂ ಹೇಳಲಿಲ್ಲ. ಅವರು ಹೇಳಿದ ವಿವರಗಳನ್ನು ಬರೆದುಕೊಂಡೆ.

ಹುಟ್ಟಿದ್ದು ಕುರ್ತಕೋಟಿ, 1937. ಹನ್ನೊಂದನೇ ವಯಸ್ಸಿನಲ್ಲಿ ತಾಯಿಯ ಜೊತೆ ಗದಗಿನ ಸಂತೆಗೆ ಬಂದಾಗ, ಕ್ಯಾಂಪ್ ಹಾಕಿದ್ದ ಕಂಪನಿಯ ಥೇಟರಿನ ಹೊರಗೆ ನಿಂತು ಒಳಗಿನ ಹಾಡನ್ನು ಹಾಗೇ ಹಾಡುತ್ತಿದ್ದಳಂತೆ. ರಾಜಕುಮಾರನ ಪಾತ್ರದ ಹುಡುಗನಿಗೆ ಅಂದು ಜ್ವರ. ಮಾಸ್ತರ ಬಂದು ಕೈಹಿಡಿದು ಒಳಗೆ ಎಳೆದುಕೊಂಡು ಹೋದ.

“ಪರದೆ ಎತ್ತಿದ್ರು. ಮುಂದ ಬರೇ ಕತ್ತಲಿ. ನಾ ಹಾಡಿದೆ. ಕತ್ತಲ್ಯಾಗಿಂದ ‘ವನ್ಸ್ ಮೋರ್’ ಅಂತ ಕೂಗಿದ್ರು. ಹಂಗಂದ್ರ ಏನಂತ ನಂಗೇನ ಗೊತ್ತು? ಬೈದ್ರು ಅಂತ ತಿಳಕೊಂಡು ಅಳಕೋತ ಒಳಗ ಓಡಿದೆ. ಮಾಸ್ತರ ಕಿವಿ ಹಿಂಡಿ ಹೊರಗ ದಬ್ಬಿದ. ‘ಇನ್ನೊಮ್ಮೆ ಬೇಕಂತ, ಹಾಡಲೇ!’ ಅಂದ.”

ಹದಿನಾರಕ್ಕೆ ನಾಯಕಿ. 1958ರಲ್ಲಿ ಮದರಾಸಿಗೆ ಕರೆ. ಒಂದು ಚಿತ್ರದಲ್ಲಿ ಎರಡನೇ ನಾಯಕಿ, ತೆರೆಯ ಮೇಲೆ ಎಂಟು ನಿಮಿಷ. ಇನ್ನೊಂದು ಚಿತ್ರ ಅರ್ಧಕ್ಕೇ ನಿಂತಿತು. ಎರಡರ ಪ್ರತಿಯೂ ಈಗ ಎಲ್ಲಿಯೂ ಇಲ್ಲ.

“ಮಾರಿ ಇಟ್ಕೊಂಡ್ರು, ಧ್ವನಿ ಬ್ಯಾಡಂದ್ರು. ಕಂಪನ್ಯಾಗ ಮೈಕಿಲ್ಲದ ಕಡೀ ಸಾಲಿಗೆ ಮುಟ್ಟೂ ಧ್ವನಿ, ಅಲ್ಲಿ ಆ ಸಣ್ಣ ಡಬ್ಬಿಗೆ ದೊಡ್ಡದಾತಂತ. ಯಾರೋ ಹಾಡಿದ್ರು, ನಾ ಬಾಯಿ ತಗದೆ, ಮುಚ್ಚಿದೆ. ನೀರಾಗಿನ ಮೀನಾ ಆಗಿದ್ದೆ ನಾ ಎಂಟ ನಿಮಿಷ.” ನಗುತ್ತ ಬೆಳ್ಳುಳ್ಳಿಯ ಸಿಪ್ಪೆ ಊದಿದರು. “ಸಿನಿಮಾದಾಗ ನನ್ನ ಮಾರಿ, ಮಂದಿ ಧ್ವನಿ. ಪೇಪರನ್ಯಾಗ ನನ್ನ ಹೆಸರು, ಹೆಣಾ ಯಾರದೋ.”

ಮಧ್ಯಾಹ್ನ 1.10ರ ಬಸ್ಸಿಗೆ ಮರಳಿದೆ.

ಶನಿವಾರ, 8 ನವೆಂಬರ್

ಬಾಳೆಹಣ್ಣು ತೆಗೆದುಕೊಂಡು ಮತ್ತೆ ಹೋಗಿದ್ದೆ. ತಿದ್ದುಪಡಿ ಈಗ ಯಾಕೆ ಬೇಕು ಎಂದು ಕೇಳಿದೆ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಇಡುತ್ತೇನೆ.

“ನಾಟಕದಾಕಿ ಅಂತ ನಮ್ಮಣ್ಣ ಮೂವತ್ತೊಂಬತ್ತ ವರ್ಷ ಮನಿಗೆ ಕರೀಲಿಲ್ಲ. ಹಬ್ಬಕ್ಕಿಲ್ಲ, ಹುಣ್ಣಿವಿಗಿಲ್ಲ. ಅವ್ವ ಸಾಯೂ ಮುಂದ ಅಣ್ಣನ ಕಡಿಂದ ಭಾಷೆ ತಗೊಂಡ್ಲು. ‘ಬಣ್ಣಾ ತೊಳಕೊಂಡ ಬರಾಕ ಹೇಳು, ಬಾಗಲಾ ತಗೀತೀನಿ’ ಅಂದ್ನಂತ. ಮುಂಡರಗಿ ಕ್ಯಾಂಪಿನ್ಯಾಗ ಕಡೀ ಪಾರ್ಟ ಮಾಡಿ ಮಾರಿ ತೊಳಕೊಂಡೆ. ನಾಕನೇ ದಿನಕ್ಕ ಕುರ್ತಕೋಟಿಗೆ ಹೋದೆ. ಅತ್ತಿಗಿ ದುರಗವ್ವ ಬಾಗಲದಾಗ ನಿಂತಿದ್ಲು. ‘ನಿನ್ನ ಹೆಸರಿಲೆ ನಿನ್ನೆ ಎಲ್ಲಾರೂ ತಲಿಮ್ಯಾಲ ನೀರ ಹಾಕ್ಕೊಂಡೇವಿ. ಸತ್ತಾಕಿನ್ನ ಹೆಂಗ ಒಳಗ ಕರಕೊಳ್ಳಲಿ? ಪೇಪರನ್ಯಾಗ ಬಂದೈತಿ’ ಅಂದ್ಲು.”

“ನಿಮ್ಮಣ್ಣ?”

“ಒಳಗಿದ್ದ. ಕೆಮ್ಮಿದ್ದು ಕೇಳಿಸ್ತು. ಹೊರಗ ಬರ್ಲಿಲ್ಲ.”

ಅಣ್ಣ ತೀರಿ ಹದಿನೆಂಟು ವರ್ಷವಾಗಿದೆ. ಈಗ ಮನೆ, ಹೊಲ ಅವನ ಮಗ ಯಮನೂರಪ್ಪನವು. ಹೊಲದ ಬದುವಿನಲ್ಲಿ ತಾಯಿಯ ಸಮಾಧಿ ಇದೆ.

“ಅವ್ವನ ಬಾಜೂಕ ಆರ ಮೊಳ ಜಾಗಾ ಬೇಕು. ಅದಕ್ಕಿಂತ ಮದಲ ಒಂದ ಸಲ ಆ ಹೊಸ್ತಲಾ ದಾಟಬೇಕು. ನಡಕೋತ ದಾಟಬೇಕ ನೋಡ್ರಿ. ಹೊತಗೊಂಡ ಹೋಗೂದಲ್ಲ.”

ಭಾನುವಾರ, 9 ನವೆಂಬರ್

ಊಟ ಸೇರಲಿಲ್ಲ.

ಮಂಗಳವಾರ, 11 ನವೆಂಬರ್

ಕುರ್ತಕೋಟಿ. ಯಮನೂರಪ್ಪನಿಗೆ ಐವತ್ತೈದರ ಸುಮಾರು. ಕಡಲೆ ಹೊಲದಿಂದ ಬಂದು ಕಾಲು ತೊಳೆದು, ಪೆಟ್ಟಿಗೆಯಿಂದ ಪತ್ರಿಕೆಯ ತುಂಡು ತಂದು ನನ್ನ ಮುಂದೆ ಇಟ್ಟ. ಮುಟ್ಟಲು ಕೈ ಬರಲಿಲ್ಲ.

“ನಮ್ಮಪ್ಪ ಸಾಯೂತನಕ ಇದನ್ನ ಕಾಗದಪತ್ರದ ಜೋಡಿ ಇಟ್ಟಿದ್ದ. ಯಾರ್ಯಾರೋ ಬಂದು ‘ನಿಮ್ಮತ್ತಿ ಅದಾಳ’ ಅಂದ್ರ ನಾ ಹೆಂಗ ನಂಬ್ಲಿ? ಭಾವಕಿ ಬಳಗದ ಮಂದಿಗೆ ಏನ ಹೇಳ್ಲಿ? ಪೇಪರನ್ಯಾಗ ಬಂದದ್ದು ಪೇಪರನ್ಯಾಗನ ತಿದ್ದಿ ಬರಲಿ. ಅವತ್ತ ನಾನ ಗಾಡಿ ತಗೊಂಡ ಹೋಗಿ ಕರಕೊಂಡ ಬರ್ತೀನಿ.”

ಆತನ ತಾಯಿ ದುರಗವ್ವ ಗೋಡೆಗೆ ಒರಗಿ ಕುಳಿತಿದ್ದಳು. ನಾನು ಎದ್ದಾಗ ಕೇಳಿದಳು, “ಅಕಿಗೆ ಹಲ್ಲ ಅದಾವೇನ?”

“ನಾಕ ಅದಾವ.”

“ನಂಗ ಎರಡ” ಎಂದು ಮುಖ ತಿರುಗಿಸಿದಳು.

ಗುರುವಾರ, 13 ನವೆಂಬರ್

ಪತ್ರಿಕೆಯ ಗದಗ ಕಚೇರಿಗೆ ಹೋದೆ. ಈಗ ಹೊನ್ನೇಶ ಮುಖ್ಯಸ್ಥ. ನನ್ನ ಕೈಕೆಳಗೆ ಕಲಿತ ಹುಡುಗ. ಎದ್ದು ನಿಂತು ಕುರ್ಚಿ ಕೊಟ್ಟ. ವಿಷಯ ಕೇಳಿ ತಲೆ ಕೆರೆದುಕೊಂಡ.

“ಸರ್, ಆಧಾರ್ ಕಾರ್ಡಿನ್ಯಾಗ ಊರು ಅಂತೂರ ಬೆಂತೂರ ಐತಿ. ಆ ನಟಿನ ಈ ಅಜ್ಜಿ ಅಂತ ಹೆಡ್ ಆಫೀಸಿಗೆ ಹೆಂಗ ಹೇಳ್ಲಿ? ಸುದ್ದಿ ಕೊಟ್ಟವರು ಇಲ್ಲಾ ಬರ್ದವರು, ಇಬ್ಬರಾಗ ಒಬ್ಬರು ತಪ್ಪಾಗೇತಿ ಅಂತ ಸಹಿ ಮಾಡಿದ ಪತ್ರ ಕೊಡ್ಲಿ. ಬರ್ದವರದು ಸಿಕ್ರ ಮರುದಿನಾನ ಹಾಕಸ್ತೀನಿ. ನೀವ ಕಲಿಸಿದ್ದಲ್ಲರಿ ಇದು. ಬರ್ದವರು ಯಾರಂತ ನೆನಪೈತೇನ್ರಿ?”

ಅವನ ಹಿಂದಿನ ಗೋಡೆಯ ಮೇಲೆ ನನ್ನ ನಿವೃತ್ತಿಯ ದಿನದ ಫೋಟೊ ಇದೆ.

“ದಾಖಲೆ ಇಲ್ಲ” ಎಂದೆ.

ಸುದ್ದಿ ಕೊಟ್ಟವರನ್ನು ಹುಡುಕುವುದೇ ಸರಿಯಾದ ಕ್ರಮ.

ಶನಿವಾರ, 15 ನವೆಂಬರ್

ಲಕ್ಷ್ಮೇಶ್ವರ. ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ ಪೇಟಿ ಮಾಸ್ತರ ರಹಮಾನಸಾಬರು ಅಲ್ಲಿದ್ದಾರೆಂದು ಗುರುಸಿದ್ದವ್ವ ಅಜ್ಜಿ ಹೇಳಿದ್ದಳು. ಎಂಬತ್ತನಾಲ್ಕು ವರ್ಷ. ಎರಡು ಸಲ ಲಕ್ವಾ ಹೊಡೆದು ಬಲಗೈ ಹೋಗಿದೆ, ಮಾತು ಸ್ಪಷ್ಟವಿದೆ. ಮಗ ಆಸೀಮ ದಿಂಬು ಒರಗಿಸಿ ಕೂರಿಸಿದ. ನಾನು ಹೆಸರು ಹೇಳುತ್ತಲೇ ಮುದುಕರ ಎಡಗೈ ಹಾಸಿಗೆಯ ಮೇಲೆ ಪೇಟಿ ಬಾರಿಸುವ ಹಾಗೆ ಆಡಿತು.

“ಗುರುಸಿದ್ದವ್ವ! ಕರೀ ನಾಕರ ಶ್ರುತಿಯಾಗ ಹಾಡ್ತಿದ್ಲು. ಭಾಳ ಗಟ್ಟಿಗಿತ್ತಿ. ಅಕಿ ಹಾಡಾಕತ್ರ ಪೇಟಿ ಸುಮ್ಮನ ಕುಂತ ಕೇಳ್ತಿತ್ತ್ರಿ.”

ವಿದ್ಯಾಶ್ರೀಗೆ ಫೋನು ಹಚ್ಚಿ ಅಜ್ಜಿಗೆ ಕೊಡಿಸಿದೆ. “ಯಾರದು?” ಎಂದಳು ಅಜ್ಜಿ. ಅಷ್ಟೇ. ಮುದುಕರು ಕಣ್ಣು ಮುಚ್ಚಿಕೊಂಡರು. “ಅಕಿನ. ಖರೆ ಅಕಿನ” ಎಂದರು.

“ಏ ಸಾಬಾ, ಇನ್ನೂ ಅದೀಯೇನೋ?” ಫೋನಿನಲ್ಲಿ ಅಜ್ಜಿ ನಕ್ಕಳು. “ನಾನೂ ಅದೀನಿ ನೋಡು, ಪೇಪರನ್ಯಾಗಷ್ಟ ಇಲ್ಲ.”

ಫೋನು ಇಟ್ಟ ಮೇಲೆ ರಹಮಾನಸಾಬರು ಹೇಳಿದರು: “ಅವತ್ತ ಮುಂಡರಗಿಂದ ಫೋನ ಮಾಡಿದಾಂವ ನಾನ್ರಿ. ಕಂಪನಿ ಬಿಟ್ಟ ಹೊಂಟಾಳ, ನಾಕ ಚೊಲೋ ಮಾತ ಬರೀಲಿ ಅಂತ. ಮರುದಿನ ಪೇಪರ ನೋಡಿ ಮಾಲಕನ ಹತ್ರ ಓಡಿದೆ. ಮಾಲಕ ಬಾಯಿ ಮುಚ್ಚು ಅಂದ. ಶ್ರದ್ಧಾಂಜಲಿ ಆಟ ಅಂತ ಬೋರ್ಡ್ ಬರೆಸಿದ, ಮೂರ ದಿನ ಹೌಸ್‌ಫುಲ್. ನಂದೂ ತಪ್ಪೈತಿ. ಖರೆ ಆ ಪೇಪರ ಹುಡುಗ ಒಂದ ಮಾತ ಕೇಳಿದ್ರ ಆಗ್ತಿತ್ತಲ್ರಿ. ನಾ ಹಲೋ, ಹಲೋ ಅನ್ನಕತ್ತೀನಿ, ಅಂವ ಇಟ್ಟಬಿಟ್ಟ.”

ಪತ್ರ ಬರೆದೆ. ಎಡಗೈ ಹೆಬ್ಬೆಟ್ಟು ಹಾಕಿದರು. ಆಸೀಮ ಚಹಾ ಕೊಟ್ಟ. ತಪ್ಪು ಮೂವರಲ್ಲಿ ಹಂಚಿಹೋಯಿತು ಎಂದು ಬಸ್ಸಿನಲ್ಲಿ ಒಂದು ಕ್ಷಣ ಹಗುರೆನಿಸಿತು. ಆಮೇಲೆ ಕಿಟಕಿಯ ಹೊರಗೆ ನೋಡುತ್ತ ಕುಳಿತೆ.

ಭಾನುವಾರ, 16 ನವೆಂಬರ್

ನೋಟ್‌ಬುಕ್ಕಿನ ನಮೂದು ತಪ್ಪು. ಲೈನ್ ಕಟ್ ಆಗಿರಲಿಲ್ಲ. ಐದು ಗಂಟೆಯ ಹುಬ್ಬಳ್ಳಿ ಬಸ್ಸಿನ ಕಂಡಕ್ಟರನ ಕೈಗೆ ಸುದ್ದಿಯ ಕವರು ಕೊಡಬೇಕಿತ್ತು. ನಾನೇ ಇಟ್ಟೆ. ಆ ಕಡೆ ‘ಹಲೋ’ ಎನ್ನುವುದು ಕೇಳುತ್ತಿತ್ತು.

ಗುರುವಾರ, 20 ನವೆಂಬರ್

ಹೊನ್ನೇಶನ ಫೋನು. ಹೆಬ್ಬೆಟ್ಟಿನ ಪತ್ರ ಸಾಲದು, ನೋಟರಿ ಮಾಡಿಸಿದ ಪ್ರಮಾಣಪತ್ರ ಬೇಕು ಎಂದಿದೆ ಹೆಡ್ ಆಫೀಸು. ಆಸೀಮನಿಗೆ ಹೇಳಿದೆ. ಮುದುಕರಿಗೆ ಎರಡು ದಿನದಿಂದ ಮೈ ನೆಟ್ಟಗಿಲ್ಲವಂತೆ, ಮುಂದಿನ ವಾರ ನೋಡೋಣ ಎಂದ.

ಮುಂದಿನ ವಾರ.

ಶುಕ್ರವಾರ, 21 ನವೆಂಬರ್

ಅಜ್ಜಿಗೆ ಜ್ವರ, ಎದೆಯಲ್ಲಿ ಕಫ. ಡಾಕ್ಟರು ಬಂದು ನೋಡಿದರು. ಗದಗಿನ ದವಾಖಾನೆಗೆ ಸೇರಿಸಿ ಎಂದರು. ಅಜ್ಜಿ ಒಲ್ಲೆ ಎಂದಳು. ಅಲ್ಲಿ ಹೋದರೆ ಅಲ್ಲಿಂದಲೇ ಹೊತ್ತುಕೊಂಡು ಹೋಗುತ್ತಾರೆ, ತಾನು ನಡೆಯಬೇಕು ಎಂದಳು. ಎರಡು ದಿನದಿಂದ ರೊಟ್ಟಿ ಮುಟ್ಟಿಲ್ಲ. ನಾನು ಗಂಜಿ ಕುಡಿಸಿದೆ. ನಾಲ್ಕು ಚಮಚ ಇಳಿಯಿತು.

ಸಂಜೆ ಮನೆಗೆ ಬಂದು, ಅವ್ವಗ ಮೆತ್ತಗಿನ ಕೌದಿ ಒಂದು ಬೇಕು ಎಂದೆ. ಮಂಜವ್ವ, “ಯಾವ ಅವ್ವಗ್ರಿ? ನಿಮ್ಮವ್ವ ಹೋಗಿ ಹತ್ತ ವರ್ಷಾತು” ಎಂದಳು. ಆದರೂ ತೆಗೆದುಕೊಟ್ಟಳು.

ಶನಿವಾರ, 22 ನವೆಂಬರ್

ಇಂದು ಹೇಳಿದೆ.

ಕೌದಿ ಹೊದಿಸಿ, ಹಾಸಿಗೆಯ ಹತ್ತಿರ ಕುಳಿತು, ಆ ಸುದ್ದಿ ಬರೆದವನು ನಾನೇ ಎಂದೆ. ವಿದ್ಯಾಶ್ರೀ ಬಾಗಿಲ ಹತ್ತಿರ ನಿಂತಿದ್ದಳು. ಅವಳ ಮುಖ ನೋಡಲಾಗಲಿಲ್ಲ.

ಅವ್ವ ಕೌದಿಯ ಅಂಚು ಎದೆಯ ಮೇಲೆ ಎಳೆದುಕೊಂಡಳು. ಉಸಿರಿನ ಸದ್ದು ಕೇಳುತ್ತಿತ್ತು.

“ಮದಲನೇ ದಿನಾನ ಗೊತ್ತಾತೋ ತಮ್ಮಾ. ಪಾರ್ಟ ಮರ್ತಾಂವ ರಂಗದ ಮ್ಯಾಲ ನಿಂತಾಂಗ ನಿಂತಿದ್ದಿ. ಅದರ ಮ್ಯಾಲ ಸುಮ್ಮ ಸುಮ್ಮನ ಯಾವಾಂವ ಮುದುಕಿಗೆ ವಾರಕ್ಕೆರಡ ಸಲ ಬಾಳಿಹಣ್ಣ ತರ್ತಾನ?”

“ಮೊದಲ ಯಾಕ ಬೈಲಿಲ್ಲವ್ವಾ?”

“ನೀನಾಗೇ ಹೇಳ್ಲಿ ಅಂತ ಕಾಯ್ದೆ. ಒಬ್ಬರ ಮಾತ ಇನ್ನೊಬ್ಬರು ಹೇಳಬಾರದು, ಆಟ ಕೆಡತೈತಿ.” ಕೆಮ್ಮು ಬಂತು. ಬೆನ್ನು ನೀವಿದೆ. “ಅದ ಏನ ಬರ್ದಿ? ನಂಗ ಓದಾಕ ಬರೂದಿಲ್ಲ. ಯಾರೂ ಓದಿ ಹೇಳಲಿಲ್ಲ. ಓದು.”

ಓದಲಾರೆ ಎಂದೆ. ಬಿಡಲಿಲ್ಲ. ವಿದ್ಯಾಶ್ರೀ ಮೊಬೈಲು ಮುಂದೆ ಹಿಡಿದಳು. ಹನ್ನೊಂದು ಸಾಲು ಓದಿದೆ. ‘ಮೂರು ದಶಕ ಪ್ರೇಕ್ಷಕರ ಮನ ಗೆದ್ದ’ ಎಂಬಲ್ಲಿ ತಲೆಯಾಡಿಸಿದಳು. ‘ತುಂಬಲಾರದ ನಷ್ಟ’ ಎಂಬಲ್ಲಿ ನಾಲ್ಕು ಹಲ್ಲಿನ ಬಾಯಿ ತೆರೆದು ನಕ್ಕಳು.

“ಏನ ತುಂಬಲಾರದ್ದೋ? ಮರುದಿನಾನ ಹಾವೇರಿ ಹುಡುಗಿ ಕಡೆ ನನ್ನ ಪಾರ್ಟ ಮಾಡಸ್ಯಾರ. ನನ್ನ ಸೀರೀನ ಉಟ್ಟಿದ್ಲಂತ.”

ಆಮೇಲೆ ನಗು ನಿಂತಿತು. ಗೋಡೆಯ ಕಡೆ ಹೊರಳಿದಳು.

“ಚೊಲೋ ಬರ್ದಿ. ಅದಕ್ಕ ಅಣ್ಣ ನಂಬಿದ.”

ಸೋಮವಾರ, 24 ನವೆಂಬರ್

ಪತ್ರ ಬರೆದು ಸಹಿ ಮಾಡಿ ಹೊನ್ನೇಶನ ಮೇಜಿನ ಮೇಲೆ ಇಟ್ಟೆ. ಓದಿದ. ಗೋಡೆಯ ಮೇಲಿನ ಫೋಟೊ ನೋಡಿದ, ನನ್ನನ್ನು ನೋಡಿದ.

“ಹೆಸರ ಹಾಕೂದ ಬ್ಯಾಡರಿ ಸರ್. ‘ಕಣ್ತಪ್ಪಿನಿಂದ’ ಅಂತ ಹಾಕೋಣ.”

“ಕಣ್ತಪ್ಪಲ್ಲ. ಹೆಸರ ಹಾಕು.”

“ಸರ್, ಹದಿಮೂರನೇ ತಾರೀಖಿಗೆ ನೀವು...” ಎಂದು ಅಲ್ಲಿಗೇ ಬಿಟ್ಟ.

ಹನ್ನೊಂದು ದಿನ.

ಬುಧವಾರ, 26 ನವೆಂಬರ್

ಜಾಹೀರಾತು ಜಾಸ್ತಿಯಾಗಿ ನಿನ್ನೆ ಬರಲಿಲ್ಲ. ಇಂದು ಬಂದಿದೆ. ಪುಟ 6, ಕೆಳಗೆ ಬಲಕ್ಕೆ. ‘ರಂಗನಟಿ ಹಾಗೂ ಚಿತ್ರನಟಿ ಗುರುಸಿದ್ದವ್ವ ಕುರ್ತಕೋಟಿ ಅವರು ನಿಧನರಾಗಿದ್ದಾರೆಂದು 14-2-1987ರ ಸಂಚಿಕೆಯಲ್ಲಿ ಪ್ರಕಟವಾದ ಸುದ್ದಿ ತಪ್ಪು. ಅವರು ಅಂತೂರ ಬೆಂತೂರದಲ್ಲಿ ವಾಸವಾಗಿದ್ದಾರೆ. ವರದಿಗಾರ ಪುಂಡಲೀಕಪ್ಪ ಅವರು ಖಚಿತಪಡಿಸಿಕೊಳ್ಳದೆ ಬರೆದದ್ದರಿಂದ ಈ ತಪ್ಪಾಗಿದೆ. ವಿಷಾದಿಸುತ್ತೇವೆ.’

ಐದು ಪ್ರತಿ ಕೊಂಡೆ. ಮೊದಲು ಕುರ್ತಕೋಟಿ. ಯಮನೂರಪ್ಪ ಒಂದೊಂದೇ ಅಕ್ಷರ ಜೋಡಿಸಿ ಗಟ್ಟಿಯಾಗಿ ಓದಿದ, ಒಳಗಿದ್ದ ತಾಯಿಗೂ ಕೇಳಲಿ ಎಂದು. ಹಳೆಯ ತುಂಡಿನ ಮೇಲೆ ಹೊಸದನ್ನು ಇಟ್ಟು ಪೆಟ್ಟಿಗೆ ಮುಚ್ಚಿದ. “ನಾಳೆ ಮುಂಜಾನೆ ಗಾಡಿ ತರ್ತೀನ್ರಿ” ಎಂದ. ನನ್ನ ಹೆಸರೂ ಅವನು ಓದಿದ್ದ. ಅದರ ಬಗ್ಗೆ ಏನೂ ಕೇಳಲಿಲ್ಲ, ಚಹಾವನ್ನೂ ಕೊಡಲಿಲ್ಲ.

ಅಲ್ಲಿಂದ ಅಂತೂರ ಬೆಂತೂರ. ಅವ್ವನಿಗೆ ಓದಿ ಹೇಳಿದೆ. “ಇಷ್ಟನ? ಸತ್ತದ್ದಕ್ಕ ಹನ್ನೊಂದ ಸಾಲು, ಬದುಕಿದ್ದಕ್ಕ ಇಷ್ಟನ?” ಎಂದಳು. ಆಮೇಲೆ, “ವನ್ಸ್ ಮೋರ್” ಎಂದಳು. ಮತ್ತೊಮ್ಮೆ ಓದಿದೆ.

ನಾಳೆ ಗಾಡಿ ಬರುತ್ತದೆ ಎಂದು ತಿಳಿದ ಮೇಲೆ ಹಾಸಿಗೆಯಲ್ಲಿ ನಿಲ್ಲಲಿಲ್ಲ. “ಅಲ್ಲಿ ಕಟ್ಟಿ ಏರಾಕ ಮೂರ ಪಾವಟಿಗಿ ಅದಾವ. ತಾಲೀಮು ಮಾಡಬೇಕು. ತಾಲೀಮಿಲ್ಲದ ನಾ ಒಂದ ದಿನಾನೂ ರಂಗಕ್ಕ ಹೋದಾಕಿ ಅಲ್ಲ.” ವಿದ್ಯಾಶ್ರೀಯ ಭುಜ ಹಿಡಿದು ಎದ್ದಳು. ನಡುಮನೆಯ ಹೊಸ್ತಿಲನ್ನೇ ಕುರ್ತಕೋಟಿಯ ಹೊಸ್ತಿಲು ಮಾಡಿಕೊಂಡಳು. ನನ್ನನ್ನು ಒಳಗೆ ನಿಲ್ಲಿಸಿದಳು.

“ನೀ ನಮ್ಮಣ್ಣನ ಪಾರ್ಟ ಮಾಡು.”

“ನಂಗ ಬರೂದಿಲ್ಲವ್ವಾ.”

“ಅದರಾಗ ಏನೂ ಇಲ್ಲ. ಒಳಗ ನಿಂತು ಕೆಮ್ಮಬ್ಯಾಡ, ಹೊರಗ ಬಾ. ‘ಬಾ’ ಅನ್ನು. ಅಷ್ಟ.”

ಮೊದಲ ಸಲ ಎರಡು ಹೆಜ್ಜೆಗೆ ಕುಸಿದಳು. ಕೂರಿಸಿ ನೀರು ಕೊಟ್ಟೆವು. ಎರಡನೇ ಸಲ ಹೊಸ್ತಿಲ ತನಕ ಬಂದಳು. ಮೂರನೇ ಸಲ ಬಲಗಾಲು ಎತ್ತಿ ಒಳಗಿಟ್ಟಳು. “ಬಾ” ಎಂದೆ.

“ಕಡೀ ಸಾಲಿಗೆ ಕೇಳಸಂಗಿಲ್ಲ ಅದು” ಎಂದಳು ಅವ್ವ.

ಗುರುವಾರ, 27 ನವೆಂಬರ್

ಹೊತ್ತು ಮೂಡುವ ಮೊದಲೇ ವಿದ್ಯಾಶ್ರೀಯ ಫೋನು ಬಂತು. ಅಳುತ್ತಿದ್ದಳು.

“ಸರ್, ಅಜ್ಜಿ ಹೋದ್ಲ್ರಿ.”

“ಎಲ್ಲಿಗೆ?” ಎಂದೆ.

ಆ ಕಡೆ ಬಿಕ್ಕುವುದಷ್ಟೇ ಕೇಳಿಸಿತು.

“ಎಲ್ಲಿಗೆ ಹೋದ್ಲು, ಸರಿಯಾಗಿ ಹೇಳವ್ವಾ. ಯಮನೂರಪ್ಪ ಗಾಡಿ ತಂದನೇನು? ಕುರ್ತಕೋಟಿಗೆ ಹೋದ್ಲೇನು?”

“ಉಸರ ನಿಂತ ಹೋಗೇತ್ರಿ ಸರ್.”

ಇನ್ನೊಮ್ಮೆ ಕೇಳಿದೆ. ಇನ್ನೊಮ್ಮೆ ಹೇಳಿದಳು. ಪಕ್ಕದಲ್ಲಿದ್ದ ಮಂಜವ್ವ ನನ್ನ ಕೈಯಿಂದ ಫೋನು ತೆಗೆದುಕೊಂಡಳು. “ಮಗಳಾ, ಬಂದ್ವಿ” ಎಂದು ಹೇಳಿ ಸೆರಗು ಹೊದ್ದಳು.

ಯಮನೂರಪ್ಪ ಹೇಳಿದ ಹೊತ್ತಿಗೇ ಗಾಡಿ ತಂದಿದ್ದ. ಕೂರಿಸಿಕೊಂಡು ಹೋಗಲೆಂದು ಹಿಂದೆ ಗಾದಿ ಹಾಸಿ, ಎರಡು ದಿಂಬು ಇಟ್ಟಿದ್ದ. ಅದರ ಮೇಲೇ ಮಲಗಿಸಿದೆವು. ದಾರಿಯುದ್ದ ಕಡಲೆ ಹೊಲ.

ಕುರ್ತಕೋಟಿಯಲ್ಲಿ ಮನೆಯ ಮುಂದೆ ಜನ ಸೇರಿತ್ತು. ಅಂಗಳದಲ್ಲೇ ಇಳಿಸಿ ಎಂದರು. ಹೊರಗಿನಿಂದ ಹೆಣ ಒಳಗೆ ತರುವ ಪದ್ಧತಿ ಇಲ್ಲ ಎಂದು ಹಿರಿಯರೊಬ್ಬರು ಹೇಳಿದರು. ಇಳಿಸಿದೆವು. ಆಗ ದುರಗವ್ವ ಒಳಗಿನಿಂದ ಗೋಡೆ ಹಿಡಿದುಕೊಂಡು ಬಂದಳು. ಕೈಯಲ್ಲಿ ತಂಬಿಗೆ. ಅವ್ವನ ತಲೆಯ ಹತ್ತಿರ ಕುಳಿತು, ಸೆರಗಿನ ಚುಂಗು ಒದ್ದೆ ಮಾಡಿ ಮುಖ ಒರೆಸಿದಳು. ಹಣೆ, ಕೆನ್ನೆ, ಕಿವಿಯ ಹಿಂದೆ, ಗಲ್ಲದ ಕೆಳಗೆ. ಏನೋ ಹತ್ತಿಕೊಂಡಿದೆ ಎಂಬ ಹಾಗೆ ಮೂರು ಸಲ ಒರೆಸಿದಳು. ತಂಬಿಗೆ ಬರಿದಾಯಿತು.

“ಬಣ್ಣಾ ತೊಳಕೊಂಡ ಬಂದಾಳ. ಒಳಗ ತರ್ರಿ” ಎಂದಳು.

“ಯವ್ವಾ, ಹೆಣಾ ಒಳಗ...” ಎಂದರು ಆ ಹಿರಿಯರು.

“ಹೆಣಾ ಅಂತ ಅವತ್ತ ಅಂದಿದ್ದೆ. ಇವತ್ತ ಅನ್ನಂಗಿಲ್ಲ. ಎತ್ತೋ ಯಮನೂರಾ.”

ಯಮನೂರಪ್ಪ ತಲೆಯ ಕಡೆ, ನಾನು ಕಾಲಿನ ಕಡೆ. ಪಾವಟಿಗೆ ಮೂರೇ ಇದ್ದವು. ಹೊಸ್ತಿಲು ದಾಟುವಾಗ ನನಗೆ “ಬಾ” ಎನ್ನಲು ನೆನಪಾಯಿತು. ಎಂದೆ. ಗಟ್ಟಿಯಾಗಿಯೇ ಎಂದೆನಂತೆ. ಎಲ್ಲರೂ ತಿರುಗಿ ನೋಡಿದರು ಎಂದು ಮಂಜವ್ವ ಆಮೇಲೆ ಹೇಳಿದಳು.

ಸಂಜೆ ಹೊಲದ ಬದುವಿನಲ್ಲಿ, ತಾಯಿಯ ಬಾಜೂಕೆ, ಮಣ್ಣು ಕೊಟ್ಟೆವು.

ಶುಕ್ರವಾರ, 28 ನವೆಂಬರ್

ಹೊನ್ನೇಶ ಫೋನು ಮಾಡಿದ. ಸುದ್ದಿ ನೀವೇ ಬರೆದುಕೊಡಿ ಎಂದ. ಒಬ್ಬರದೇ ನಿಧನ ಎರಡು ಸಲ ಹಾಕಿದಂತಾಗುತ್ತದೆ, ಹೆಡ್ ಆಫೀಸಿಗೆ ತಾನು ಹೇಳಿಕೊಳ್ಳುತ್ತೇನೆ ಎಂದ.

ಬರೆಯಲು ಕುಳಿತೆ. ಹೆಸರು, ವಯಸ್ಸು, ಕಂಪನಿಯಲ್ಲಿ ಮೂವತ್ತೊಂಬತ್ತು ವರ್ಷ, ತೆರೆಯ ಮೇಲೆ ಎಂಟು ನಿಮಿಷ. ನಷ್ಟದ ಸಾಲು ಬರೆಯಲಿಲ್ಲ. ಕಳಿಸುವ ಮೊದಲು ಡಾಕ್ಟರಿಗೆ, ವಿದ್ಯಾಶ್ರೀಗೆ, ಯಮನೂರಪ್ಪನಿಗೆ ಫೋನು ಮಾಡಿ ಒಂದೊಂದೇ ವಿವರ ಕೇಳಿದೆ. ಯಮನೂರಪ್ಪ ಎಲ್ಲಕ್ಕೂ ಉತ್ತರ ಕೊಟ್ಟ. ಕೊನೆಗೆ ಇನ್ನೇನಾದರೂ ಇದೆಯೇ ಎಂದು ಕೇಳಿದ.

“ಊರು ಯಾವುದಂತ ಬರೀಲಿ?”

“ಏನ ಕೇಳ್ತೀರಿ ಸಾಹೇಬ್ರ” ಎಂದ. “ಇದ ಊರು.”

ಬರೆದೆ. ಅವನು ಫೋನು ಇಡುವ ತನಕ ನಾನು ಇಡಲಿಲ್ಲ.